ಪಕ್ಕದ ಸೀಟಿನ ಅಮ್ಮನಿಗೆ

ಮನಿಲಾದ ಆ ಸಣ್ಣ ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಅವತ್ತು ಲಿನೊ ಬ್ರೊಕಾ ಅವರ 1976ರ ಚಿತ್ರ 'ಇನ್ಸಿಯಾಂಗ್' ಇತ್ತು. 1978ರಲ್ಲಿ ಕಾನ್ ಉತ್ಸವಕ್ಕೆ ಹೋದ ಫಿಲಿಪೀನ್ಸ್ ಸಿನಿಮಾ ಅದು. ಸಬ್‌ಟೈಟಲ್ ಇರಲಿಲ್ಲ. ನನಗೆ ಟಗಾಲೊಗ್ ಒಂದಕ್ಷರವೂ ಬಾರದು. ಶುರುವಿನ ಕಸಾಯಿಖಾನೆಯ ದೃಶ್ಯಕ್ಕೇ ಬೆಚ್ಚಿಬಿದ್ದೆ. ಆಗ ನೀವು ಪಿಸುದನಿಯಲ್ಲಿ ಒಂದೊಂದೇ ಮಾತಿನ ಅರ್ಥ ಹೇಳುತ್ತಾ ಹೋದಿರಿ. ಕೊನೆಗೆ ಜೈಲಿನಲ್ಲಿ ತಾಯಿ ಮಗಳು ಎದುರಾದಾಗ ಮಾತ್ರ ಸುಮ್ಮನಾದಿರಿ. ಅಲ್ಲಿ ಅನುವಾದ ಬೇಕಿರಲಿಲ್ಲ, ಅಲ್ವಾ? ಟೊಂಡೊ ಕೊಳೆಗೇರಿಯ ಆ ಹುಡುಗಿಯ ಮುಖವೇ ಎಲ್ಲ ಹೇಳುತ್ತಿತ್ತು.

ಹಿರಿಯರ ಜೊತೆ ಮಾತಾಡುವಾಗ 'ಪೋ' ಸೇರಿಸಬೇಕು ಎಂದು ಕಲಿಸಿದವರೂ ನೀವೇ. ನಮ್ಮ 'ರೀ' ಇದ್ದ ಹಾಗೆ.

ಸಲಾಮತ್ ಪೋ, ಅಮ್ಮಾ. ನಿಮ್ಮ ಭಾಷೆಯಲ್ಲೇ ಧನ್ಯವಾದ.