ಆ ಹಳದಿ ಚುಕ್ಕೆ ಅಲ್ಲೇ ಇರಲಿ ಮಗಳೇ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ. ಕೆಲಸದ ನಡುವೆ ನನಗೆ ಸರಿಯಾಗಿ ಮಾತಾಡಲು ಆಗಲಿಲ್ಲ. ರಾತ್ರಿ ರೂಮಿಗೆ ಬಂದು, ಅಮ್ಮ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ನೀವು ಮಕ್ಕಳೆಲ್ಲ ಚಿತ್ರ ಬಿಡಿಸುತ್ತಿರುವ ಶಾಲೆಯ ಗೋಡೆ ತುಂಬಾ ಚೆನ್ನಾಗಿ ಬಂದಿದೆ. ಬೇಕಲ ಕೋಟೆಯ ಕೆಂಪು, ಪಕ್ಕದಲ್ಲಿ ಯಕ್ಷಗಾನದ ಕಿರೀಟ (ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವರು ಅಂತ ಟೀಚರ್ ಹೇಳಿರಬೇಕು ಅಲ್ವಾ?), ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ. ಅದು ಸತ್ತದ್ದು 2022ರಲ್ಲಿ, ನಿಮ್ಮ ಶಾಲೆಯ ಸಣ್ಣ ಮಕ್ಕಳು ನೋಡಿರಲಿಕ್ಕಿಲ್ಲ, ಗೋಡೆಯಲ್ಲಾದರೂ ನೋಡಲಿ.

ಇನ್ನು ನೀನು ಬಿಡಿಸಿದ ನೀರಿನ ಸುರಂಗ. ಬಾಯಿಗೆ ಪೂರ್ತಿ ಕಪ್ಪು, ಮುಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು. ನೀನು ಊಟ ಮಾಡಿ ಬರುವಷ್ಟರಲ್ಲಿ ಮಲಯಾಳಂ ಡಿವಿಜನ್‌ನ ಹುಡುಗಿ ಆ ಕಪ್ಪಿನೊಳಗೆ ಹಳದಿ ಚುಕ್ಕೆ ಇಟ್ಟಳು. ನಿನ್ನನ್ನು ಕೇಳಬೇಕಿತ್ತು, ಅದು ತಪ್ಪೇ. ಆದರೆ ಸೋಮವಾರ ಅದರ ಮೇಲೆ ಕಪ್ಪು ಬಳಿಯುತ್ತೇನೆ ಅಂದೆಯಲ್ಲ, ಅದು ಬೇಡ.

ನೀನು ಹುಟ್ಟುವ ಮೊದಲೇ ಹೋದ ನಿನ್ನ ಅಜ್ಜ ಸುರಂಗ ಕೊರೆಯುತ್ತಿದ್ದರು. ಒಬ್ಬ ಬಗ್ಗಿ ನಿಲ್ಲುವಷ್ಟೇ ಜಾಗ, ಕೈಯಲ್ಲಿ ಪಿಕ್ಕಾಸು, ನೀರಿನ ಒಸರು ಸಿಗುವ ತನಕ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಪಂಪು ಬೇಡ, ಕರೆಂಟು ಬೇಡ, ಸ್ವಲ್ಪ ಇಳಿಜಾರು ಇಟ್ಟರೆ ನೀರು ತಾನಾಗಿ ಹೊರಗೆ ಬರುತ್ತದೆ. ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಕೊಂಡು ಹೋಗುತ್ತಿದ್ದರು, ಬರೀ ಬೆಳಕಿಗಲ್ಲ. ಉರಿ ಸಣ್ಣಗಾದರೆ ಒಳಗೆ ಗಾಳಿ ಸಾಲುವುದಿಲ್ಲ ಅಂತ ಅರ್ಥ, ಪಿಕ್ಕಾಸು ಬಿಟ್ಟು ಹೊರಗೆ ಓಡಿ ಬರಬೇಕು. ಮಣ್ಣು ಹೊರಲು ಹೋದ ನಾನು ಬಾಯಿಯ ಹತ್ತಿರ ಕೂತು ಆ ಹಳದಿಯನ್ನೇ ನೋಡುತ್ತಿದ್ದೆ. ಅದು ಕಾಣುವಷ್ಟು ಹೊತ್ತು ಧೈರ್ಯ. ನಿನ್ನೆ ಫೋಟೋದಲ್ಲಿ ಅದೇ ಚುಕ್ಕೆ ಕಂಡಾಗ ನನಗೆ ಅಪ್ಪನ ಬೆನ್ನೇ ಕಣ್ಣೆದುರು ಬಂತು.

ಆ ಹುಡುಗಿಗೆ ಅದು ಹೇಗೆ ಗೊತ್ತಾಯಿತು? ಅವಳ ಮನೆಯಲ್ಲೂ ಸುರಂಗ ಇದೆಯಾ, ಕೇಳು.

ಇನ್ನೊಂದು ವಿಷಯ, ಇದನ್ನು ಟೀಚರಿಗೂ ಹೇಳು. ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಒಳಗೆ ಪಸೆ ಇರಬೇಕು. ಅಲ್ಲಿ ಸುಮ್ನೆ ಮೇಲಿಂದ ಮೇಲೆ ಬಣ್ಣ ಹಚ್ಚಬೇಡಿ. ಕೆರೆದು, ಬಿಸಿಲಿಗೆ ಚೆನ್ನಾಗಿ ಒಣಗಲು ಬಿಟ್ಟು, ಪ್ರೈಮರ್ ಹೊಡೆದು, ಅದೂ ಒಣಗಿದ ಮೇಲೆ ಹೊರಗೋಡೆಯ ಎಮಲ್ಶನ್ ಹಚ್ಚಿ. 20 ವರ್ಷದಿಂದ ಪೇಂಟಿಂಗ್ ಕೆಲಸ ಮಾಡುತ್ತಿದ್ದೇನೆ, ಅವಸರದಲ್ಲಿ ಮಾಡಿದ್ದು ನಮ್ಮೂರಿನ ಮಳೆಗೆ ನಿಲ್ಲುವುದಿಲ್ಲ. ಬಣ್ಣ ಕಲಸಲು ತೆಂಗಿನ ಗೆರಟೆ ತಂದದ್ದು ಮಾತ್ರ ಒಳ್ಳೆಯ ಉಪಾಯ, ನನಗೆ ಇಷ್ಟವಾಯಿತು.

ವಿಷುವಿಗೆ ಬರುತ್ತೇನೆ. ಅವಳ ಮನೆಯವರು ಒಪ್ಪಿದರೆ ನಿಮ್ಮಿಬ್ಬರನ್ನೂ ಅಜ್ಜ ಕೊರೆದ ಸುರಂಗದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬಾಯಿಯವರೆಗೆ ಮಾತ್ರ, ಒಳಗೆ ಬೇಡ. ಮೇಣದಬತ್ತಿ ನಾನೇ ತರುತ್ತೇನೆ.

ನಿನ್ನ ಅಪ್ಪ