ಆ ಸಿಸ್ಟರ್‌ಗೆ ನಮಸ್ಕಾರ

ರಾಯಚೂರಿನಲ್ಲಿ ಔಷಧ ಕೊಡುವ ಕಿಟಕಿಯ ಪಕ್ಕ ನಿಂತು, ಉಬ್ಬಸದವರಿಗೆ ಇನ್‌ಹೇಲರ್ ಬಳಸುವುದನ್ನು ಕಲಿಸುವ ಸಿಸ್ಟರ್, ನಿಮಗೆ ಮನಸಾರೆ ಧನ್ಯವಾದ.

ನೀವು ಮೊದಲೇ ಪಾಠ ಹೇಳುವುದಿಲ್ಲ. "ಎಲ್ಲಿ, ನೀವು ಹೆಂಗ್ ತಗೋತೀರಿ ತೋರಿಸ್ರಿ" ಅಂತೀರಿ. ತಪ್ಪು ಅಲ್ಲೇ ಸಿಗುತ್ತದೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಹಮಾಲರು ಮೊದಲು ಒತ್ತಿ ಆಮೇಲೆ ಉಸಿರೆಳೆಯುತ್ತಾರೆ. ಔಷಧ ಗಂಟಲಿಗೇ ಬಡಿದು ನಿಲ್ಲುತ್ತದೆ. ತುಟಿಯ ಅಂಚಿನಿಂದ ಬಿಳಿ ಹೊಗೆಯಂತೆ ಹೊರಬಂದದ್ದು ಎದೆಗೆ ಇಳಿದಿಲ್ಲ ಎಂದು ಬೆರಳಿಟ್ಟು ತೋರಿಸುತ್ತೀರಿ. ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ತುಟಿ ಬಿಗಿಹಿಡಿದು, ಎಳೆಯಲು ಶುರುಮಾಡಿದ ಕ್ಷಣವೇ ಒಮ್ಮೆ ಒತ್ತಿ, 4–5 ಸೆಕೆಂಡು ನಿಧಾನ ಎಳೆದು, ಹತ್ತು ಎಣಿಸುವವರೆಗೆ ಉಸಿರು ಕಟ್ಟಬೇಕು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಬೇಕು.

ಒತ್ತುವುದೂ ಎಳೆಯುವುದೂ ಹೊಂದದ ಅಜ್ಜ-ಅಜ್ಜಿಯರಿಗೆ ಇನ್‌ಹೇಲರ್‌ನ ಬಾಯಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿಕೊಡುತ್ತೀರಿ. ಅದನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಗಾಳಿಗೆ ಒಣಗಿಸಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧ ಒಳಗೋಡೆಗೇ ಅಂಟುತ್ತದೆ. ಎಷ್ಟೋ ಕಡೆ ಯಾರೂ ಹೇಳದ ಮಾತು ಇದು.

ಇನ್‌ಹೇಲರ್ ಸಾಧನದಲ್ಲಿಟ್ಟು ಎಳೆಯಬೇಕಾದ ಪುಡಿಯ ಕ್ಯಾಪ್ಸೂಲನ್ನು ಮಾತ್ರೆಯಂತೆ ನುಂಗುವವರನ್ನೂ ನೀವು ಗದರಿಸುವುದಿಲ್ಲ. ಸಾಧನದೊಳಗೆ ಅದನ್ನು ಹಾಕಿಸಿ, ಇಲ್ಲಿ ನಿಧಾನವಲ್ಲ, ಜೋರಾಗಿ ಎಳೆಯಬೇಕು ಎನ್ನುತ್ತೀರಿ. ಸಾಧನದೊಳಕ್ಕೆ ಉಸಿರು ಬಿಟ್ಟರೆ ಪುಡಿ ತೇವವಾಗಿ ಗಟ್ಟಿಯಾಗುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸುತ್ತೀರಿ, ನಾಲಿಗೆಗೆ ಬಿಳಿ ಬೂಷ್ಟು ಹಿಡಿಯದಿರಲಿ ಎಂದು.

ಮುಂದಿನ ಸಲ ಬಂದವರಿಗೂ ಮತ್ತೆ ಅದೇ "ತೋರಿಸ್ರಿ". ಕಲಿತದ್ದು ದಿನ ಕಳೆದಂತೆ ಜಾರಿಹೋಗುತ್ತದೆ ಎಂದು ನಿಮಗೆ ಗೊತ್ತು. ನಾವು ಕೈಮುಗಿಯುವುದು ಆ ತಾಳ್ಮೆಗೆ.