ಬೋದಿಗೆಯೂ ಬೇಕು, ಬಳಪವೂ ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ಬೇಲೂರು ಬಸ್ ನಿಲ್ದಾಣದ ಹತ್ತಿರ ಪ್ರವಾಸಿಯೊಬ್ಬರು ಕರಪತ್ರ ತೋರಿಸಿ ದೇವಸ್ಥಾನದ ದಾರಿ ಕೇಳಿದರು. ‘ಅಮೃತಶಿಲೆಯ ಬ್ರಾಕೆಟ್ ಗೊಂಬೆಗಳು’ ಅಂತ ಅದರಲ್ಲಿ ಅಚ್ಚಾಗಿತ್ತು. ದಾರಿ ಹೇಳಿ ಕಳಿಸಿದೆ. ಆದರೆ ಆ ಸಾಲು ಮನಸ್ಸಿನಿಂದ ಹೋಗಲಿಲ್ಲ.

ಮೊದಲು ಕಲ್ಲಿನ ಮಾತು. ಚೆನ್ನಕೇಶವ ದೇವಸ್ಥಾನ ಅಮೃತಶಿಲೆಯದಲ್ಲ, ಬಳಪದ ಕಲ್ಲಿನದು. ಎರಡೂ ಬೇರೆ ಬೇರೆ ಜಾತಿ. ಅಮೃತಶಿಲೆ ಸುಣ್ಣದ ಅಂಶದ ಕಲ್ಲು. ಮನೆಯ ಮಾರ್ಬಲ್ ನೆಲದ ಮೇಲೆ ನಿಂಬೆರಸ ಚೆಲ್ಲಿದರೆ ಹೊಳಪು ಹೋಗುವುದು ಅದಕ್ಕೇ. ಬಳಪದ ಕಲ್ಲಿಗೆ ಹುಳಿಯ ಭಯ ಇಲ್ಲ. ಮಲೆನಾಡಿನ ಅಡುಗೆಮನೆಯ ಕಲ್ಲಿನ ಮರಿಗೆಯಲ್ಲಿ ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತಿತ್ತಲ್ವಾ, ಅದು ಇದೇ ಕಲ್ಲು. ಮುಟ್ಟಿದರೆ ಸಾಬೂನಿನ ಹಾಗೆ ನುಣುಪು, ಉಳಿಗೆ ಬೇಗ ಒಗ್ಗುತ್ತದೆ. ಕರಪತ್ರ ‘ಗೊಂಬೆ’ ಅಂದಿದ್ದು ಗುಡಿಯ ಮದನಿಕೆಯರನ್ನು, ಅಂದರೆ ಸುಂದರಿಯರ ಶಿಲ್ಪಗಳನ್ನು. ಅವರ ಸರ, ಬಳೆ ಅಷ್ಟು ಸೂಕ್ಷ್ಮವಾಗಿ ಬಂದಿದ್ದರೆ ಶಿಲ್ಪಿಯ ಕೈ ಎಷ್ಟು ಕಾರಣವೋ ಕಲ್ಲಿನ ಗುಣವೂ ಅಷ್ಟೇ ಕಾರಣ. ನಮ್ಮ ಜಿಲ್ಲೆಯದೇ ಶ್ರವಣಬೆಳಗೊಳದ ಗೊಮ್ಮಟ ಗಟ್ಟಿ ಗ್ರಾನೈಟ್. ಅಲ್ಲಿ ಇಂಥ ಜಾಲರಿ ಕೆಲಸಕ್ಕೆ ಕೈ ಹಾಕುವುದು ಕಷ್ಟ.

ಈ ‘ಬಳಪ’ ಅನ್ನುವ ಮಾತು ಎಷ್ಟು ಕಡೆ ಓಡಾಡಿದೆ ನೋಡಿ. ನಾವು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದು ಬಳಪದಲ್ಲಿ. ಕೆಲವರ ಬಾಯಲ್ಲಿ ಸೀಮೆಸುಣ್ಣವೂ ಬಳಪವೇ. ಕುಮಾರವ್ಯಾಸ ತಾನು ಹಲಗೆ, ಬಳಪ ಹಿಡಿಯದೆ ಕಾವ್ಯ ಬರೆದವನು ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ವೆಲ್ಡಿಂಗ್ ಶೆಡ್ಡಿನ ಹುಡುಗರು ಕಬ್ಬಿಣದ ಮೇಲೆ ಗುರುತು ಹಾಕುವುದು ಇವತ್ತಿಗೂ ಇದೇ ಕಲ್ಲಿನ ತುಂಡಿನಿಂದ, ಕಾವಿಗೆ ಗೆರೆ ಅಳಿಯುವುದಿಲ್ಲ ಅಂತ. ಮಗುವಿನ ಕೈಯ ಕಡ್ಡಿ, ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ, ಎರಡಕ್ಕೂ ಒಂದೇ ಹೆಸರು! ಇದನ್ನು ಬಿಟ್ಟು ‘ಅಮೃತಶಿಲೆ’ ಅಂದರೆ ಮಾಹಿತಿಯೂ ತಪ್ಪು, ಮಾತೂ ಹೋಯಿತು.

ಇನ್ನು ‘ಬ್ರಾಕೆಟ್’. ನಾನು ಬಡಗಿ, ನಮ್ಮಪ್ಪನೂ ಬಡಗಿ. ಕಂಬದ ತಲೆಯ ಮೇಲೆ ಕೂತು ತೊಲೆಯನ್ನು ಹೊರುವ ತುಂಡಿಗೆ ನಮ್ಮಲ್ಲಿ ಬೋದಿಗೆ ಅನ್ನುತ್ತೇವೆ. ಬೋದಿಗೆ ಇಲ್ಲದಿದ್ದರೆ ತೊಲೆಯ ಭಾರವೆಲ್ಲ ಕಂಬದ ಸಣ್ಣ ತಲೆಯ ಮೇಲೆ ಬೀಳುತ್ತದೆ. ಬೋದಿಗೆ ಎರಡೂ ಕಡೆ ಕೈ ಚಾಚಿ ಅದನ್ನು ಹಂಚಿಕೊಳ್ಳುತ್ತದೆ. ಕಲ್ಲಿನ ಗುಡಿಯಲ್ಲೂ ಅದೇ ಕೆಲಸ, ಅದೇ ಹೆಸರು. ಮರದ ಕೆಲಸದವರೂ ಕಲ್ಲಿನ ಕೆಲಸದವರೂ ಒಂದೇ ಮಾತು ಆಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಮದನಿಕೆಯರು ಬೇರೆ. ಅವರು ಬೋದಿಗೆಗಿಂತ ಮೇಲೆ, ಸೂರಿನ ಕೆಳಗೆ ಓರೆಯಾಗಿ ನಿಂತವರು. ಬಿಡಿಯಾಗಿ ಕೆತ್ತಿ ಅಲ್ಲಿ ಕೂರಿಸಿದ್ದು. ಹೊರಗೆ 38, ಒಳಗೆ 4. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಕೆತ್ತಿದವು ಇವುಗಳಲ್ಲಿ ಸೇರಿವೆ. ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟು ಹೋಗಿದ್ದಾರೆ. ‘ಬ್ರಾಕೆಟ್’ ಅಂದುಬಿಟ್ಟರೆ ಬೋದಿಗೆ ಯಾವುದು, ಮದನಿಕೆ ಯಾವುದು ಅನ್ನುವುದೇ ಗೊತ್ತಾಗುವುದಿಲ್ಲ.

ಈಗ ನನ್ನ ಹತ್ತಿರ ಬರುವ ಗಿರಾಕಿಗಳೂ ‘ಹಳೇ ಮರದ ಬ್ರಾಕೆಟ್ ಇದ್ಯಾ’ ಅಂತಲೇ ಕೇಳುತ್ತಾರೆ. ಅವರ ತಪ್ಪಲ್ಲ. ‘ಬೋದಿಗೆ’ ಅನ್ನುವ ಮಾತು ಎಲ್ಲೂ ಅಚ್ಚಿನಲ್ಲಿ ಕಾಣದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬರುವ ಜನ, ಹೊಸ ಫಲಕ, ಕರಪತ್ರ ಎಲ್ಲ ಜಾಸ್ತಿ ಆಗುತ್ತವೆ. ಬರೆಯುವವರು ಕನ್ನಡದ ಸಾಲಿನಲ್ಲಿ ‘ಬಳಪದ ಕಲ್ಲು’, ‘ಬೋದಿಗೆ’, ‘ಮದನಿಕೆ’ ಅಂತ ಬರೆಯಲಿ. ನಿಮ್ಮ ಪತ್ರಿಕೆಯೂ ಹೊಯ್ಸಳ ಗುಡಿಗಳ ಬಗ್ಗೆ ಬರೆಯುವಾಗ ಇದೇ ಮಾತು ಬಳಸಬೇಕು ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ವರದಿಗಾರರು ಈ ಕಡೆ ಬಂದರೆ ನಮ್ಮ ಅಂಗಡಿಗೆ ಬರಲಿ. ಕಳಚಿದ ಮನೆಯೊಂದರ ಹಲಸಿನ ಮರದ ನಾಲ್ಕು ಬೋದಿಗೆ ಮಾರದೆ ಇಟ್ಟುಕೊಂಡಿದ್ದೇನೆ, ತೋರಿಸುತ್ತೇನೆ.

ಇಂತಿ,
ಬೇಲೂರಿನ ಒಬ್ಬ ಬಡಗಿ